ಹಣ ಜಮೆಯಾಗುವ ತನಕ ಒಂದು ಕಪ್ ಚಹಾ

ನಾನು ಮೋಸ ಹೋದವನು. ಇಷ್ಟನ್ನು ಹೇಳಿಕೊಳ್ಳುವುದಕ್ಕೆ ನನಗೆ ಮೂರು ತಿಂಗಳು ಹಿಡಿಯಿತು. ಕಾಲು ಜಾರಿ ಬಿದ್ದವರು ಪ್ಲಾಸ್ಟರ್ ಮೇಲೆ ಗೆಳೆಯರ ಸಹಿ ಹಾಕಿಸಿಕೊಂಡು ಓಡಾಡುತ್ತಾರೆ. ಮೋಸ ಹೋದವನು ಮಾತ್ರ ಬಾಯಿ ಬಿಡುವುದಿಲ್ಲ. ಬಿಟ್ಟರೆ ಕೇಳಿದವರು ಮೊದಲು "ಅಯ್ಯೋ ಪಾಪ" ಅನ್ನುತ್ತಾರೆ, ಉಸಿರು ಎಳೆದುಕೊಂಡು "ಅಲ್ಲಾ, ಅಷ್ಟೂ ಗೊತ್ತಾಗಲಿಲ್ವಾ?" ಅನ್ನುತ್ತಾರೆ. ನನ್ನ ಕೆಲಸ ಬೇರೆ ಗಾಯಕ್ಕೆ ಉಪ್ಪು ಸವರುವಂಥದ್ದು. ಆಕ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನಾನು ಎಕ್ಸ್‌ರೇ ತೆಗೆಯುವವನು. ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಗುರುತಿಸುವ ಮನುಷ್ಯ, ಫೋನಿನ ಪರದೆಯ ಮೇಲಿದ್ದ ಅಂಗೈ ಅಗಲದ ಸುಳ್ಳನ್ನು ಗುರುತಿಸಲಿಲ್ಲ.

ನಡೆದದ್ದು ಇಷ್ಟು. ಆನ್‌ಲೈನ್ ಹರಾಜಿನಲ್ಲಿ ನನ್ನ ಸೈಕಲ್ ಮಾರಿದೆ. ನಮ್ಮ ಮೈಸೂರಿನ ಕಡೆ ಹರಾಜು ಎಂದರೆ "ಒಂದು ಸಾರಿ, ಎರಡು ಸಾರಿ" ಎಂದು ಕೂಗುವ ಗಂಟಲೊಂದು ಇರುತ್ತಿತ್ತು. ಕೊಂಡವನ ಮುಖ ಊರಿಗೆಲ್ಲ ಗೊತ್ತಿರುತ್ತಿತ್ತು. ಇಲ್ಲಿ ಒಂದು ಗಡಿಯಾರ ಓಡುತ್ತದೆ, ನಿಂತಾಗ ಯಾರೋ ಗೆದ್ದಿರುತ್ತಾರೆ. ಗೆದ್ದವನು ಮೌಂಟ್ ಆಲ್ಬರ್ಟಿನ ನಮ್ಮ ಮನೆಗೆ ಬಂದ, ಸೈಕಲ್ ಹೊಗಳಿದ, ನನ್ನನ್ನೂ ಹೊಗಳಿದ, ನನ್ನೆದುರೇ ಫೋನಿನಲ್ಲಿ ಹಣ ಕಳಿಸಿ ಪರದೆ ತೋರಿಸಿದ. ದೊಡ್ಡ ಹಸಿರು ಟಿಕ್. ಕೈ ಕುಲುಕಿ ಸೈಕಲ್ ಹತ್ತಿ ಹೊರಟ. ಹಣ ಅಂದೂ ಬರಲಿಲ್ಲ, ಮುಂದೆಯೂ ಬರಲಿಲ್ಲ. ಟಿಕ್ ಬರೀ ಚಿತ್ರವಾಗಿತ್ತು.

ಅಲ್ಲಿಂದ ನಾನು ಜಾಗೃತನಾದೆ. ಎಷ್ಟೆಂದರೆ, ಕನ್ನಡದವರು ಊಟಕ್ಕೆ ಸೇರಿದಲ್ಲೆಲ್ಲ ಬಿಸಿಬೇಳೆಬಾತ್ ಆರುವ ತನಕ, ನನ್ನ ಸೈಕಲ್ಲಿನ ಹೆಸರೆತ್ತದೆ, ಮೋಸದ ಬಗ್ಗೆ ನನ್ನ ಉಪದೇಶ ನಡೆಯುತ್ತಿತ್ತು. ಹೀಗಿರುವಾಗ ನನ್ನ ಹೆಂಡತಿ ಎಸ್ತರ್ ತನ್ನ ಹೊಲಿಗೆ ಮಿಷನ್ ಮಾರಿಬಿಡಿ ಎಂದಳು. ಎಸ್ತರ್ ಗದಗ-ಬೆಟಗೇರಿಯವಳು, ನರ್ಸ್. ಮನೆಯ ಕಿಟಕಿ ಪರದೆಗಳ ಅಂಚು ತಾನೇ ಹೊಲಿಯುತ್ತೇನೆಂದು ಎರಡು ವರ್ಷದ ಹಿಂದೆ ಉತ್ಸಾಹದಿಂದ ಕೊಂಡಿದ್ದಳು. ಎರಡು ಗೇಣು ಹೊಲಿಯುವಷ್ಟರಲ್ಲಿ ಬಟ್ಟೆಯ ಅಡಿಯಲ್ಲಿ ದಾರ ಗುಬ್ಬಿಗೂಡಿನಂತೆ ಸುತ್ತಿಕೊಳ್ಳುತ್ತಿತ್ತು. ಮಿಷನ್ ಕಪಾಟು ಸೇರಿತು; ಪರದೆಗಳು ಸೇಫ್ಟಿ ಪಿನ್ನಿನ ಆಸರೆಯಲ್ಲಿ ನೇತಾಡಿಕೊಂಡಿದ್ದವು. ನಾನು ಜಾಹೀರಾತಿನಲ್ಲಿ "ಹೆಚ್ಚು ಬಳಸಿಲ್ಲ" ಎಂದು ಬರೆದೆ. ನಿಜವೇ ತಾನೆ?

ಮೊದಲು ಬಂದ ಸಂದೇಶ ಸಮುದ್ರದ ನಡುವೆ ಎಣ್ಣೆ ಬಾವಿಯಲ್ಲಿ ಕೆಲಸ ಮಾಡುವವನೊಬ್ಬನದು. ಹೆಚ್ಚು ಹಣ ಕೊಡುತ್ತಾನಂತೆ, ಮಿಷನ್ ಒಯ್ಯಲು ಜನ ಕಳಿಸುತ್ತಾನಂತೆ, ನಾನು ಒಂದು ಲಿಂಕ್ ಒತ್ತಿ ಕಾರ್ಡಿನ ನಂಬರ್ ಕೊಟ್ಟರೆ ಸಾಕಂತೆ. ಎಣ್ಣೆ ಬಾವಿಯಲ್ಲಿ ಕೂತವನಿಗೆ ಹೊಲಿಗೆ ಮಿಷನ್ ಯಾಕಪ್ಪಾ? ಅಳಿಸಿಹಾಕಿದೆ. ಎದೆ ಒಂದು ಅಂಗುಲ ಉಬ್ಬಿತು.

ಹರಾಜು ಗೆದ್ದವರು ದಕ್ಷಿಣ ಆಕ್ಲೆಂಡಿನ ಪಾಪಟೊಯ್‌ಟೊಯ್ ಕಡೆಯ ಜ್ಯಾನ್ ಎಂಬ ಹೆಂಗಸು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಹಿಂದೆ ಸಾಮಾನು ಹೇರುವ ಹಳೆಯ ಯೂಟ್ ಗಾಡಿಯಲ್ಲಿ ಬಂದರು. ಎಪ್ಪತ್ತರ ಆಸುಪಾಸು, ಕತ್ತರಿಸಿದ ಬೆಳ್ಳಿಗೂದಲು. ಹೇಳುವ ಮೊದಲೇ ಬಾಗಿಲಲ್ಲಿ ಬೂಟು ಕಳಚಿದರು. ನನ್ನೆದುರೇ ಕೂತು ಫೋನಿನಲ್ಲಿ ಹಣ ಕಳಿಸಿ, ಪರದೆ ನನ್ನತ್ತ ತಿರುಗಿಸಿದರು. ದೊಡ್ಡ ಹಸಿರು ಟಿಕ್! ನನಗೆ ಸೈಕಲ್ ನೆನಪಾಯಿತು.

"ಕ್ಷಮಿಸಿ, ಹಣ ಖಾತೆಗೆ ಬಂದ ಮೇಲೇ ಮಿಷನ್ ಕೊಡೋದು. ಹಿಂದೆ ಒಬ್ಬ ಹೀಗೇ ಪರದೆ ತೋರಿಸಿ ಮೋಸ ಮಾಡಿದ. ಪರದೆ ಯಾರು ಬೇಕಾದರೂ ತೋರಿಸಬಹುದು," ಎಂದು ಇಂಗ್ಲಿಷಿನಲ್ಲಿ ಹೇಳಿದೆ.

"ನಮ್ಮ ಬ್ಯಾಂಕುಗಳು ಬೇರೆ ಬೇರೆ. ಒಂದೆರಡು ಗಂಟೆ ಹಿಡಿಯಬಹುದು," ಎಂದರು ಜ್ಯಾನ್.

"ಬೇಕಾದರೆ ಮನೆಗೆ ಹೋಗಿರಿ. ಬಂದ ಕೂಡಲೇ ಫೋನ್ ಮಾಡ್ತೀನಿ."

ಅವರು ನಕ್ಕರು. "ಹೋದ ವರ್ಷ ಒಬ್ಬನಿಗೆ ಬ್ರೆಡ್ ಮಾಡುವ ಮಿಷನ್ನಿಗೆ ಹಣ ಕಟ್ಟಿ ಮನೆಗೆ ಹೋದೆ. ಇನ್ನೂ ಕಾಯ್ತಾ ಇದ್ದೀನಿ. ಇಲ್ಲೇ ಕೂರ್ತೀನಿ."

ಸರಿ, ಕೂತೆವು. ಮೋಸ ಹೋದ ಇಬ್ಬರು, ನಡುವೆ ಒಂದು ಹೊಲಿಗೆ ಮಿಷನ್. ಹವಾಮಾನದ ಮಾತು ಐದು ನಿಮಿಷಕ್ಕೆ ಮುಗಿಯಿತು. ನಾನು ಎರಡು ನಿಮಿಷಕ್ಕೊಮ್ಮೆ ಫೋನ್ ಒತ್ತಿ ಖಾತೆ ನೋಡುತ್ತಿದ್ದೆ. ಎಸ್ತರ್ ಅಡಿಗೆಮನೆಯಿಂದ ಕರೆದಳು.

"ಅಲ್ರೀ, ನಮ್ಮವ್ವನ ವಯಸ್ಸಿನಾಕಿ ಅದಾಳ. ಆಕಿ ಮುಂದ ಪೊಲೀಸರಂಗ ಕುಂತೀರಲ್ಲ, ನಾಚ್ಕಿ ಬರಂಗಿಲ್ಲೇನು?"

"ಸೈಕಲ್ ಒಯ್ದವನೂ ಒಳ್ಳೆಯವನ ಥರಾನೇ ಇದ್ದ ಕಣೇ."

"ಆತು, ನೀವು ಕಾಯ್ರಿ. ನಾ ಉಪ್ಪಿಟ್ಟು ಮಾಡ್ತೀನಿ."

ಉಪ್ಪಿಟ್ಟು, ಚಹಾ ಬಂದವು. ಜ್ಯಾನ್ ಎರಡನೆಯ ಸಲ ಬಡಿಸಿಕೊಂಡು, ಅಷ್ಟರಲ್ಲಿ ಮಿಷನ್ ಓಡಿಸಿ ನೋಡಲೇ ಎಂದು ಕೇಳಿದರು. ನಲವತ್ತು ವರ್ಷ ಹೊಲಿಗೆಯಲ್ಲೇ ಬದುಕಿದವರಂತೆ. ಎಸ್ತರ್ ಹಳೆಯ ದಿಂಬಿನ ಚೀಲವೊಂದನ್ನು ಕೊಟ್ಟಳು. ಮಿಷನ್ ಗುರ್ ಎಂದಿತು, ಎರಡು ಗೇಣು ಓಡಿತು, ಗಕ್ಕನೆ ನಿಂತಿತು. ಜ್ಯಾನ್ ಬಟ್ಟೆ ತಿರುಗಿಸಿದರು. ಗುಬ್ಬಿಗೂಡು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಇದನ್ನ ಜಾಹೀರಾತಿನಲ್ಲಿ ಬರೆದಿರಲಿಲ್ಲ."

"ಹೆಚ್ಚು ಬಳಸಿಲ್ಲ ಅಂತ ಬರೆದಿದ್ದೆ," ಎಂದೆ. ಯಾಕೆ ಬಳಸಿಲ್ಲ ಎಂಬುದನ್ನು ಬರೆದಿರಲಿಲ್ಲ. ಸೈಕಲ್ ಕಳ್ಳ ಒಂದು ಸುಳ್ಳು ತೋರಿಸಿದ್ದ. ನಾನು ಒಂದು ನಿಜ ಮುಚ್ಚಿಟ್ಟಿದ್ದೆ. ಉಪದೇಶಕ್ಕೆ ಕೂತಾಗಲೆಲ್ಲ ನಾನು ಇವರಂಥ ಮೋಸ ಹೋದವರ ಪರವಾಗಿಯೇ ಮಾತಾಡುತ್ತಿದ್ದೆನಲ್ಲ!

ಜ್ಯಾನ್ ಜಗಳವಾಡಲಿಲ್ಲ. ಎಸ್ತರಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ದಾರ ಹೇಗೆ ಪೋಣಿಸುತ್ತೀ ತೋರಿಸು ಎಂದರು. ಅವಳು ತೋರಿಸಿದಳು. ಬಟ್ಟೆಯನ್ನು ಒತ್ತಿ ಹಿಡಿಯುವ ಪುಟ್ಟ ಪಾದವನ್ನು ಕೆಳಗೆ ಬಿಟ್ಟೇ ಅವಳು ದಾರ ಪೋಣಿಸುತ್ತಿದ್ದಳು. "ಮೊದಲು ಇದನ್ನ ಮೇಲೆತ್ತಬೇಕು ಮಗಳೇ. ಇಲ್ಲದಿದ್ದರೆ ದಾರ ಒಳಗಿನ ಬಿಗಿಯಲ್ಲಿ ಕೂರೋದೇ ಇಲ್ಲ," ಎಂದರು. ಎತ್ತಿ ಪೋಣಿಸಿದಳು. ಮಿಷನ್ ಬೆಣ್ಣೆಯಲ್ಲಿ ಚಾಕು ಆಡಿದಂತೆ ಓಡಿತು. ಎಸ್ತರ್ ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿ, ಕಿಟಕಿಯಿಂದ ಪರದೆಗಳನ್ನೆಲ್ಲ ಕಿತ್ತು ತಂದಳು. ಸೇಫ್ಟಿ ಪಿನ್ನುಗಳು ತಟ್ಟೆಯಲ್ಲಿ ಟಣ್ ಟಣ್ ಎಂದು ಬಿದ್ದವು. ಇಬ್ಬರೂ ತಮ್ಮ ತಮ್ಮ ಅಮ್ಮಂದಿರ ಹೊಲಿಗೆಯ ಕಥೆಗೆ ಇಳಿದರು.

ನಾನೊಬ್ಬ ಖಾತೆ ನೋಡುತ್ತಲೇ ಇದ್ದೆ. ಹನ್ನೆರಡು ಹೊಡೆಯಿತು. ಜ್ಯಾನ್‌ಗೆ ತಿಳಿಯದಿರಲೆಂದು ಕನ್ನಡದಲ್ಲಿ ಹೇಳಿದೆ: "ಎಸ್ತರ್, ಹಣ ಇನ್ನೂ ಬಂದಿಲ್ಲ. ನನಗ್ಯಾಕೋ ಅನುಮಾನ."

ಅವಳು ಸೂಜಿಯಿಂದ ಕಣ್ಣು ತೆಗೆಯಲಿಲ್ಲ. "ಬಂದು ಮುಕ್ಕಾಲು ತಾಸು ಆತ್ರೀ."

"ಎಲ್ಲಿಗೆ?"

"ನನ್ನ ಖಾತೇಕ. ಮಿಷನ್ ನಂದು ಅಂತ ನೀವಽ ನನ್ನ ನಂಬರ್ ಕೊಟ್ಟೀರಲ್ಲ. ನಿಮ್ಮ ಖಾತೆ ಎಷ್ಟ್ ಒತ್ತಿದ್ರೂ ಏನ್ ಬರ್ತದ?"

"ಮತ್ತೆ ಹೇಳಬಾರದಾ!"

"ಹೇಳಿದ್ರ ಆಕಿ ಎದ್ದು ಹೋಗ್ತಿದ್ಲು. ಇನ್ನೊಂದು ಪರದೆ ಉಳದಿತ್ತು." ಆಮೇಲೆ ಮೆಲ್ಲಗೆ, "ರೀ, ಈ ಮಿಷನ್ ಮಾರೂದು ಬ್ಯಾಡ," ಎಂದಳು.

ಇದನ್ನು ಇಂಗ್ಲಿಷಿನಲ್ಲಿ ಹೇಳುವ ಭಾಗ್ಯ ನನ್ನ ಪಾಲಿಗೆ ಬಂತು. ತೊದಲುತ್ತ ಹೇಳಿದೆ. ಜ್ಯಾನ್ ಕೋಪಿಸಿಕೊಳ್ಳಲಿಲ್ಲ, ಹೊಲಿದ ಪರದೆಯ ಅಂಚಿನ ಮೇಲೆ ಕೈಯಾಡಿಸಿದರು. ಅವರ ಊರಿನ ಸಭಾಭವನದಲ್ಲಿ ಮಂಗಳವಾರ ಹೆಂಗಸರು ಹೊಲಿಗೆಗೆ ಸೇರುತ್ತಾರಂತೆ, ಒಂದು ಮಿಷನ್ ಕಡಿಮೆ ಇತ್ತಂತೆ. "ಮಂಗಳವಾರ ನಿನಗೆ ರಜೆ ಇದೆಯಾ?" ಎಂದು ಎಸ್ತರಳನ್ನು ಕೇಳಿದರು. ಇತ್ತು. "ಹಾಗಾದರೆ ಮಿಷನ್ ಎತ್ತಿಕೊಂಡು ನೀನೇ ಬಾ. ನನಗೆ ಒಂದರ ಬದಲು ಎರಡು, ಮಿಷನ್ನೂ ಹೊಲಿಯುವವಳೂ, ಸಿಕ್ಕಿದ ಹಾಗಾಯ್ತು."

ನನಗೆ ಹೋದ ಜೀವ ಬಂತು. ಅವರ ಹಣವನ್ನು ಅಲ್ಲೇ, ಆ ಕ್ಷಣವೇ ನನ್ನ ಖಾತೆಯಿಂದ ಹಿಂತಿರುಗಿಸಿದೆ. ಜ್ಯಾನ್ ಗಾಡಿಯ ಕೀಲಿ ಹಿಡಿದು ಎದ್ದು ನಿಂತಿದ್ದರು. ಹೆಮ್ಮೆಯಿಂದ ನನ್ನ ಫೋನನ್ನು ಅವರತ್ತ ತಿರುಗಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು, ಹಸಿರು ಟಿಕ್ಕನ್ನು ಶಾಂತವಾಗಿ ನೋಡಿದರು. ಕೀಲಿಯನ್ನು ಮತ್ತೆ ಚೀಲಕ್ಕೆ ಹಾಕಿದರು. ಕೂತರು.

"ಬಂದು ಸೇರಲಿ, ಆಮೇಲೆ ಹೊರಡ್ತೀನಿ," ಎಂದರು. "ಆ ಉಪ್ಪಿಟ್ಟು ಇನ್ನೂ ಸ್ವಲ್ಪ ಇದೆಯಾ?"

ಎಸ್ತರ್ ಹೊಲಿಗೆಯಿಂದ ತಲೆಯೆತ್ತಲಿಲ್ಲ. ರವೆ ಡಬ್ಬ ಎಲ್ಲಿದೆಯೆಂದು ನಾನೇ ಹುಡುಕತೊಡಗಿದೆ.