ವಿಮಲಳ ಮಾತು ಮತ್ತು ನನ್ನ ಎಡಗಿವಿ

ತನ್ನ ಗೊರಕೆ ತನಗೇ ಕೇಳಿಸದಂತೆ ಮನುಷ್ಯನನ್ನು ಮಾಡಿದ ದೇವರು ಬಹಳ ಕರುಣಾಳು ಎಂದು ನಾನು ನಂಬಿದ್ದೆ. ಪಕ್ಕದಲ್ಲಿ ಮಲಗುವವರ ಬಗ್ಗೆ ಅವನು ಯೋಚಿಸಿಯೇ ಇರಲಿಲ್ಲ ಎಂಬುದು, ನನ್ನ ಹೆಂಡತಿ ವಿಮಲ ದಿಂಬು ಕಂಕುಳಲ್ಲಿ ಇರುಕಿಕೊಂಡು ಹಾಲ್‌ನ ದಿವಾನಕ್ಕೆ ವಲಸೆ ಹೋದ ಮೇಲೆ ತಿಳಿಯಿತು. ನಾಲ್ಕು ವರ್ಷ ಅವಳು ಅಲ್ಲೇ. ಆರ್‌ಪಿಸಿ ಲೇಔಟಿನ ನಮ್ಮ ಮನೆಯಲ್ಲಿ ಹಗಲು ಮಾತಿಗೇನೂ ಬರವಿಲ್ಲ. ಆದರೆ ಅದೆಲ್ಲ ಗ್ಯಾಸು, ಹಾಲು, ನೀರಿನ ಮೋಟಾರಿನ ಮಾತು. ದೀಪ ಆರಿಸಿದ ಮೇಲೆ ಅವಳು ತಗ್ಗಿದ ದನಿಯಲ್ಲಿ ಆಡುತ್ತಿದ್ದ ಮಾತೇ ಬೇರೆ. ಮಾರೇನಹಳ್ಳಿಯ ತಂಗಿಯ ಸಂಸಾರ, ತನ್ನ ಮಂಡಿನೋವು, ಮದುವೆಯಾದ ಹೊಸದರಲ್ಲಿ ನಾನು ಮಾಡಿದ ಪೆದ್ದುತನಗಳು. ಆ ಮಾತಿಗಾಗಿ ನಾನು ಹಂಬಲಿಸಿದ್ದೇನೆ. ಅರವತ್ತೆರಡಾದ ಮೇಲೆ ಹೆಂಡತಿಗಾಗಿ ಹಂಬಲಿಸಬಾರದೆಂದು ಕಾನೂನೇನೂ ಇಲ್ಲವಲ್ಲ.

ಹಾಗಾಗಿ ಡಾಕ್ಟರು ಸಿಪ್ಯಾಪ್ ಬರೆದುಕೊಟ್ಟಾಗ ಊರಿಗೆಲ್ಲ ಸಿಹಿ ಹಂಚುವಷ್ಟು ಸಂತೋಷವಾಯಿತು. ನಿದ್ದೆಯಲ್ಲಿ ಉಸಿರು ಕಟ್ಟದಂತೆ ಮಾಸ್ಕಿನ ಮೂಲಕ ಮೂಗಿಗೆ ಗಾಳಿ ಊದುವ ಯಂತ್ರ ಅದು. ಗೊರಕೆ ನಿಂತಿತು. "ಒಂದು ವಾರ ನೋಡ್ತೀನಿ, ಆಮೇಲೆ ಒಳಗೆ ಬರ್ತೀನಿ" ಎಂದಳು ವಿಮಲ. ಐದನೆಯ ದಿನಕ್ಕೆ ನನ್ನ ಹಳೆಯ ಸೈನಸ್ ಎದ್ದು ಕೂತಿತು. ಮೂಗು ಕಟ್ಟಿತು, ಘಟ್ಟ ಹತ್ತುವ ಬಸ್ಸಿನಲ್ಲಿ ಆಗುವಂತೆ ಎಡಗಿವಿಯೂ ಮುಚ್ಚಿಕೊಂಡಿತು. ಮಾಸ್ಕು ಕಿತ್ತೆಸೆದೆ. ಗೊರಕೆ ಮರಳಿತು, ವಾರ ಮತ್ತೆ ಮೊದಲಿನಿಂದ ಶುರುವಾಯಿತು.

ಆಗ ನನ್ನ ಬುದ್ಧಿವಂತಿಕೆ ಕೆಲಸ ಮಾಡಿತು. ಗಾಳಿ ತೀರಾ ಒಣಗದಿರಲೆಂದು ಆ ಯಂತ್ರದಲ್ಲಿ ನೀರು ತುಂಬುವ ಪುಟ್ಟ ತೊಟ್ಟಿಯೊಂದಿದೆ. ನೆಗಡಿಯಾದರೆ ನಮ್ಮಮ್ಮ ಬಿಸಿನೀರಿಗೆ ನೀಲಗಿರಿ ಎಣ್ಣೆ ಬಿಟ್ಟು, ಕಂಬಳಿ ಹೊದಿಸಿ ಹಬೆ ಕೊಡುತ್ತಿದ್ದಳು. ಯಂತ್ರ ಅಷ್ಟಾದರೂ ಮಾಡಬಾರದೆ ಎಂದು ನಾಲ್ಕು ತೊಟ್ಟು ಬಿಟ್ಟೆ, ಎರಡು ತುಳಸಿ ಎಲೆಯನ್ನೂ ಹಾಕಿದೆ. ಗುಂಡಿ ಒತ್ತಿದ್ದೇ ತಡ, ಕಣ್ಣು, ಮೂಗು, ಗಂಟಲು ಒಟ್ಟಿಗೇ ಉರಿದವು. ಮರುದಿನ ಕಿವಿ-ಮೂಗಿನ ಡಾಕ್ಟರಮ್ಮ ನಾನು ಕೊಂಡೊಯ್ದಿದ್ದ ತೊಟ್ಟಿಯನ್ನು ಮೂಸಿ ನೋಡಿ, "ಇದೇನ್ ಸಾರ್, ಕಷಾಯ ಕಾಯ್ಸಿದೀರಾ? ಡಿಸ್ಟಿಲ್ಡ್ ವಾಟರ್ ಬಿಟ್ರೆ ಇದಕ್ಕೆ ಏನೂ ಹಾಕ್ಬಾರ್ದು" ಎಂದರು. ತೊಟ್ಟಿ ಬದಲಿಸಲು ಹೇಳಿ, ಮೂಗು ತೊಳೆಯಲು ಉಪ್ಪುನೀರು, ಒಂದು ಸ್ಪ್ರೇ ಬರೆದರು. ಗಾಳಿಯ ಒತ್ತಡವನ್ನೂ ತಗ್ಗಿಸಿದರು. "ಮೂಗು ಬೇಗ ಬಿಡುತ್ತೆ. ಕಿವಿಗೆ ಸ್ವಲ್ಪ ಟೈಮ್ ಬೇಕು ಸಾರ್."

ಮೂಗು ಬಿಟ್ಟಿತು. ಏಳು ದಿನ ಗೊರಕೆಯಿಲ್ಲ. "ಕಿವಿ?" ಎಂದಳು ವಿಮಲ. "ಅದೂ ಬಿಡ್ತು ಕಣೇ" ಎಂದೆ. ಇಲ್ಲವೆಂದರೆ ಇನ್ನೊಂದು ವಾರ ಮುಂದೂಡಿಯಾಳೆಂಬ ಭಯ. ಅಂತೂ ದಿಂಬು ಬಂತು, ಅವಳೂ ಬಂದಳು. ದೀಪ ಆರಿತು. ಆಸೆಯಿಂದ ಅವಳ ಕಡೆ ತಿರುಗಿ ಮಲಗಿದೆ. ಕೇಳಿಸುವ ಬಲಗಿವಿ ದಿಂಬಿನಲ್ಲಿ ಹೂತುಹೋಯಿತು, ಮೇಲೆ ಉಳಿದದ್ದು ಕಟ್ಟಿದ ಎಡಗಿವಿ. ಅವಳು ಮೆಲ್ಲಗೆ ಮಾತು ಶುರು ಮಾಡಿದಳು. ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಏನು ಎಂದು ಕೇಳೋಣವೆಂದರೆ, ಬಾಯಿ ತೆರೆದೊಡನೆ ಮಾಸ್ಕಿನ ಗಾಳಿಯೆಲ್ಲ ಬುಸ್ಸೆಂದು ಹೊರಬರುತ್ತದೆ. ಕಿಟಕಿಯಿಂದ ಬಿದ್ದ ಬೀದಿದೀಪದ ಬೆಳಕಿನಲ್ಲಿ ಅವಳ ತುಟಿ ನೋಡುತ್ತ ತಲೆಯಾಡಿಸಿದೆ. ಒಮ್ಮೆ ನಕ್ಕಳು, ಒಮ್ಮೆ ಕಣ್ಣೊರೆಸಿಕೊಂಡಳು. ಎರಡಕ್ಕೂ ತಲೆಯಾಡಿಸಿದೆ.

ಬೆಳಿಗ್ಗೆ ಕಾಫಿ ಕೊಡುತ್ತ, "ಮೂವತ್ನಾಲ್ಕು ವರ್ಷದಲ್ಲಿ ಮೊದಲ್ನೇ ಸಲ ಮಧ್ಯೆ ಬಾಯಿ ಹಾಕ್ದೆ ನನ್ನ ಮಾತು ಪೂರ್ತಿ ಕೇಳಿದ್ರಿ ನೋಡಿ. ಎಷ್ಟು ವರ್ಷದಿಂದ ಹೇಳ್ಬೇಕು ಅಂದ್ಕೊಂಡಿದ್ದೆ. ಮನಸ್ಸು ಹಗುರ ಆಯ್ತು. ಇನ್ನು ಆ ವಿಷ್ಯ ಎತ್ತಲ್ಲ ಬಿಡಿ" ಎಂದಳು.

ಯಾವ ವಿಷಯ ಎಂದು ಕೇಳಲು ಬಾಯಿ ತೆರೆದೆ. ಈಗ ಮಾಸ್ಕಿನ ಅಡ್ಡಿಯೂ ಇರಲಿಲ್ಲ. ಕಾಫಿ ಚೆನ್ನಾಗಿದೆ ಎಂದೆ.