ಕೆಂಪು ಎದಿ, ನೀಲಿ ಪಟಕಾ

ಫುಟ್‌ಬಾಲ್ ನೋಡಾಕ ಹ್ವಾದವರು ಗೆದ್ದು ಬರ್ತಾರ, ಇಲ್ಲಾ ಸೋತು ಬರ್ತಾರ. ನಾ ಮಾತ್ರ ಪ್ರತಿ ಸಲ ಜೀವ ಉಳಿಸಿಕೊಂಡು ಬರ್ತಿದ್ದೆ. ಇಸವಿ ಸಾವಿರದ ಒಂಬೈನೂರಾ ಎಂಬತ್ತು ದಾಟಿದ ಮ್ಯಾಲಿನ ಕಾಲ. ನಿಪ್ಪಾಣಿಯ ತಂಬಾಕ ವಖಾರಿಯೊಳಗ ಚೀಲ ಹೊರೂದು, ಮ್ಯಾಚ್ ಇದ್ದ ದಿನ ಬಸ್ ಹತ್ತಿ ಕೊಲ್ಲಾಪುರಕ್ಕ ಹೋಗೂದು. ನಾ ಸಾಲಿ ಮೆಟ್ಟಿಲ ಹತ್ತಿದವನಲ್ಲ. ಆದ್ರ ಮೈದಾನದಾಗ ಸೀಟಿ ಹೊಡೆದ್ನೆಂದ್ರ ಅಷ್ಟ ದೂರದ ಕಾಗವಾಡದಾಗ ಎತ್ತು ಬೆದರತಿದ್ವು. ಸುಳ್ಳಲ್ಲ, ಎತ್ತಿನ ಮಾಲೀಕ ನಿಪ್ಪಾಣಿ ತನಕ ಬಂದು ಜಗಳಾ ತಗದಿದ್ದ.

ಕನ್ಯಾ ನೋಡಾಕ ಹೋದದ್ದು

ಕನ್ಯಾ ಕೊಲ್ಲಾಪುರದಾಕಿ. ಆಕಿ ಅಪ್ಪ ಹಳೇ ಪೈಲ್ವಾನ. ನನ್ನ ತೊಡಿ ಅವರ ಮುಂಗೈಯಷ್ಟ ಇತ್ತು. ಹೊಲ ಎಷ್ಟೈತಿ, ಪಗಾರ ಎಷ್ಟೈತಿ ಅಂತ ಕೇಳ್ತಾರಂತ ನಾ ತಯಾರಾಗಿ ಕುಂತ್ರ, ಅವರು ಕೇಳಿದ್ದು ಒಂದ ಮಾತು:

"ಯಾವ ಟೀಮು?"

ನಾ ಹುಟ್ಟಾ ಕೆಂಪು ಜರ್ಸಿಯವ. ಬಾಯಿ ತಗೀಬೇಕು, ಅಷ್ಟ್ರಾಗ ಗೋಡಿ ಮ್ಯಾಲೆ ನೀಲಿ ಜೆಂಡಾ ಕಂಡ್ತು. ಅದರ ಬಾಜೂಕ ಗದಾ.

"ನೀಲಿ ರೀ."

"ಶಾಬಾಸ್! ಕೆಂಪಿನವಗ ನಾ ಮಗಳನ್ನ ಕೊಡಂಗಿಲ್ಲ. ಕೊಟ್ಟ ಮ್ಯಾಲೆ ಗೊತ್ತಾದ್ರೂ ತಿರುಗಿ ಕರಕೊಂಡ ಬರ್ತೀನಿ."

ಅಕ್ಷತಾ ಬೀಳೂ ಮುಂದ ಅದನ್ನ ನೆನೆಸಿ ಗಡಗಡ ನಡಗಾಕತ್ತಿದ್ದೆ. ಹುಡುಗ ಭಾಳ ನಾಚಿಕಿಯವ ಅಂತ ಮಂದಿ ಹೊಗಳಿದ್ರು.

ಚೇಳು

ಲಗ್ನಾದ ಮ್ಯಾಲೆ ಮಾವಾರ ಬಾಜೂಕ, ನೀಲಿ ಮಂದಿ ನಡುವ ಕುಂಡ್ರೂ ಪಾಳಿ ಬಂತು. ಒಮ್ಮೆ ಕೆಂಪಿನವರು ಗೋಲ್ ಹೊಡೆದ್ರು. ನಾ ಹಾರಬಾರದಂತ ಇದ್ದೆ, ಕಾಲು ಹಾರಿದ್ವು. ಸುತ್ತ ಎಲ್ಲಾರೂ ತಲೀ ಮ್ಯಾಲೆ ಕೈ ಇಟ್ಟು ಕುಂತಾರ, ನಡುವ ನಾ ಒಬ್ಬನ ಗಾಳ್ಯಾಗ!

ಮಾವಾರು ಅಳಿಯನ ಕಡೆ ಕೆಂಗಣ್ಣು ಬಿಟ್ರು. "ಯಾಕ ಹಾರಿದ್ರಿ ಜಾವಯಿಬಾಪು?"

"ಚೇಳು ಕಡೀತ್ರಿ ಮಾವಾರ!"

ಪಾಪ, ನನ್ನ ಹೆಗಲ ಮ್ಯಾಲೆ ಹೊತ್ತುಕೊಂಡು ದವಾಖಾನಿಗೆ ಓಡಿದ್ರು. ಡಾಕ್ಟರ್ ಒಂದು ಸೂಜಿ ಚುಚ್ಚಿದ್ರು. ಅಷ್ಟ್ರಾಗ ಹೊರಗಿಂದ ಸುದ್ದಿ ಬಂತು, ಕೆಂಪಿನವರದು ಇನ್ನೊಂದು ಗೋಲ್. ಮಂಚದ ಮ್ಯಾಲಿಂದ ಮತ್ತ ಹಾರಿದೆ.

"ವಿಷ ಇನ್ನೂ ಇಳದಿಲ್ಲ" ಅಂತ ಡಾಕ್ಟರ್ ಇನ್ನೊಂದು ಚುಚ್ಚಿದ್ರು.

ಸೀನು

ಹೆಂಡತಿ ಬಾಣಂತನಕ್ಕ ತೌರಮನಿಗೆ ಹೋಗಿದ್ಳು. ಆಕೀನ್ನ, ಕೂಸನ್ನ ಕರಕೊಂಡ ಬರಬೇಕು. ನಾ ಹೋಗೂ ದಿನಾನ ಕೆಂಪು-ನೀಲಿ ಫೈನಲ್! ಬಸ್ ತಡಾ ಆಗತೈತಿ ಅಂತ ಮಾವಾರಿಗೆ ಮದ್ಲ ಹೇಳಿ ಕಳಿಸಿ, ವಖಾರಿಯಿಂದ ಸೀದಾ ಮೈದಾನಕ್ಕ ಹ್ವಾದೆ. ಮಾರಿಗೆ ಶಾಲು ಸುತ್ತಿಕೊಂಡು ನೀಲಿಯವರ ಗೋಲಿನ ಹಿಂದ ನಿಂತೆ.

ಕಡೀ ಗಳಿಗ್ಯಾಗ ಕೆಂಪಿಗೆ ಪೆನಾಲ್ಟಿ. ತಡಕೊಳ್ಳಾಕ ಆಗಲಿಲ್ಲ, ಶಾಲು ಬಿಚ್ಚಿ ಬೀಸಿದೆ. ಅದರಾಗ ಹತ್ತು ವರ್ಷದ ತಂಬಾಕ ಧೂಳ! ನಿಪ್ಪಾಣಿಯವರಿಗೆ ಅದು ಬರೇ ಗಾಳಿ. ಕೊಲ್ಲಾಪುರದ ಗೋಲ್‌ಕೀಪರ್ ಸೀನಿದ ನೋಡ್ರಿ, ಗೋಲಿನ ಕಂಬ ಎರಡು ಗೇಣು ಹಿಂದ ಸರದ್ವು. ಚಂಡು ಒಳಗ.

"ಆ ತಂಬಾಕದವನ್ನ ಹಿಡೀರಿ!" ದನಿ ಮಾವಾರದು. ಪುಣ್ಯಾಕ್ಕ ಧೂಳದಾಗ ನನ್ನ ಮಾರಿ ಅವರಿಗೆ ಕಂಡಿರಲಿಲ್ಲ.

ಓಡಿದೆ. ಯಾವ ಗಲ್ಲಿಗೆ ಹೊಕ್ಕರೂ ನೀಲಿ ಜೆಂಡಾ. ಯಾರೂ ಹುಡುಕದ ಜಾಗಾ ಒಂದ ಇತ್ತು, ಮಾವಾರ ಮನಿ. ಶಾಲು ಗಟಾರಕ್ಕ ಒಗದು, ಮಾರಿ ತೊಳಕೊಂಡು, ಕೂಸನ್ನ ತೊಡೀ ಮ್ಯಾಲೆ ಹಾಕ್ಕೊಂಡು ಕುಂತೆ.

ಮಾವಾರು ಏದುಸಿರು ಬಿಡಕೋತ ಬಂದ್ರು. "ಬಂದ್ರಿ? ಏಳ್ರಿ, ಒಬ್ಬ ಹರಾಮಖೋರನ್ನ ಹುಡುಕೂದೈತಿ."

ಕೈಯಾಗ ಬಡಿಗಿ ಕೊಟ್ರು. ನಾಕು ಗಲ್ಲಿ ತಿರುಗಿ ನನ್ನ ನಾನ ಹುಡುಕಿದೆ. ಎಲ್ಲಾರಕಿಂತ ಜೋರ್ ಬೈದವನೂ ನಾನ.

ಸಿಗಲಿಲ್ಲ. ತಿರುಗಿ ಬಂದು ಇಬ್ಬರೂ ಕಟ್ಟೀ ಮ್ಯಾಲೆ ಕುಂತ್ವಿ. ಮಾವಾರು ಸೀನಿದ್ರು. ನನ್ನ ಕಡೆ ನೋಡಿದ್ರು. ನನ್ನ ಅಂಗಿ ಹಂತೇಕ ಮೂಗು ತಂದು ಮತ್ತ ಸೀನಿದ್ರು. ಹೆಂಡತಿ, ಕೂಸು ಇಬ್ಬರೂ ಕೈ ಬಿಟ್ಟು ಹ್ವಾದ್ರು ಅಂದ್ಕೊಂಡೆ. ಎದ್ದು ಹಾರಿದೆ.

"ಚೇಳ್ರಿ ಮಾವಾರ!"

ಹಿಂದಲೆ ಮ್ಯಾಲೆ ಪೈಲ್ವಾನನ ಕೈ ಬಿತ್ತು. "ಅಂಜಬ್ಯಾಡ್ರಿ ಜಾವಯಿಬಾಪು. ಈ ಸಲ ಚೇಳು ಸಿಕ್ಕೈತಿ."

ಅತ್ತಿ ನಡುವ ಬಂದು ಮಾವಾರ ಕೈಕಾಲು ಹಿಡದದ್ದಕ್ಕ ಮರುದಿನ ಹೆಂಡತಿ, ಕೂಸನ್ನ ಕಳಿಸಿದ್ರು. ಕಳಿಸೂ ಮುಂದ ನನ್ನ ತಲೀಗೆ ನೀಲಿ ಪಟಕಾ ಬಿಗದ್ರು. "ಊರು ಮುಟ್ಟೂ ಮದ್ಲ ಇದನ್ನ ತಗದ್ರ, ಮಗಳು ಅಲ್ಲಿಂದ ತಿರುಗಿ ಬರ್ತಾಳ."

ಬಸ್ಸು ಗಡಿ ದಾಟಿ ನಮ್ಮ ಸೀಮಿಗೆ ಬಂತು. ಇನ್ನ ಯಾರಪ್ಪನ ಅಂಜಿಕಿ ಅಂತ ಪಟಕಾಕ್ಕ ಕೈ ಹಾಕಿದೆ.

ಹೆಂಡತಿ ಕೂಸಿನ ಟೊಪ್ಪಿಗಿ ಸರಿ ಮಾಡಕೋತ ಮೆಲ್ಲಕ ಅಂದ್ಳು:

"ಅಪ್ಪ ಹಿಂದಿನ ಸೀಟಿನ್ಯಾಗ ಕುಂತಾರ್ರಿ."