ಜವಾನ ತಿಂದದ್ದನ್ನು ಕಳೆದಿದೆ

ಊಟದ ವಿಷಯ ಬಂದರೆ ನಮ್ಮ ಕಡೆ ಯಾರೂ ನಿಜ ಹೇಳುವುದಿಲ್ಲ. ಉಂಡವನು ಉಂಡಿಲ್ಲ ಅನ್ನುತ್ತಾನೆ, ಉಣ್ಣದವನು ಹೊಟ್ಟೆ ಸವರಿಕೊಂಡು ತೇಗುತ್ತಾನೆ. ಇದು ನಿನ್ನೆ ಮೊನ್ನೆಯ ಕಾಯಿಲೆಯಲ್ಲ. ಯುದ್ಧದ ಕಾಲದಲ್ಲಿ, ರೇಷನ್ ಅನ್ನುವ ಮಾತು ನಮಗೆ ಹೊಸದಾಗಿದ್ದಾಗ, ಈ ಕಾಯಿಲೆಯ ಜೊತೆ ಒಂದು ವರ್ಷ ತಕ್ಕಡಿ ಹಿಡಿದು ಗುದ್ದಾಡಿದವನು ನಾನು. ಓದು ಬರಹ ನನಗೆ ಬಾರದು. ಹೇಳುವುದು ನಾನು, ಬರೆಯುವುದು ಮೊಮ್ಮಗಳು. ಅವಳು ನಡುನಡುವೆ ಪೆನ್ನು ನಿಲ್ಲಿಸಿ "ನಿಜವಾ ಅಜ್ಜ?" ಅನ್ನುತ್ತಾಳೆ. ನಿಜ ಅಲ್ಲದೆ ಇನ್ನೇನು.

ಆಗ ಮೈಸೂರು ಕಡೆಯ ಒಬ್ಬ ಡಾಕ್ಟರು ಬಂದು ಹೊನ್ನಾಳಿಯಲ್ಲಿ ಮನೆ ಹಿಡಿದರು. ಔಷಧಿ ಕೊಡುವ ಡಾಕ್ಟರಲ್ಲ, ಊಟ ತೂಗುವ ಡಾಕ್ಟರು. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು, ಈ ನಾಲ್ಕು ಊರಿನವರು ದಿನಕ್ಕೆ ಏನು ತಿನ್ನುತ್ತಾರೆ, ಎಷ್ಟು ತಿನ್ನುತ್ತಾರೆ, ಅದರಲ್ಲಿ ಮೈಗೆ ಹತ್ತುವುದು ಯಾವುದು ಅಂತ ನೋಡಿ ಅವರೊಂದು ಪುಸ್ತಕ ಅಚ್ಚು ಹಾಕಿಸಬೇಕಿತ್ತು. ಅವರ ತಕ್ಕಡಿ ಹೊರುವ ಜವಾನ ನಾನು. ಆ ತಕ್ಕಡಿಯನ್ನೂ ತೂಕದ ಕಲ್ಲುಗಳನ್ನೂ ಗಾಡಿಗೆ ಹೇರಿದರೆ ಎತ್ತುಗಳು ಮೊಣಕಾಲೂರುತ್ತಿದ್ದವು. ನಾನು ಬಗಲಲ್ಲಿ ಕೊಡೆ ಸಿಕ್ಕಿಸಿಕೊಂಡ ಹಾಗೆ ಒಯ್ಯುತ್ತಿದ್ದೆ. ಹನ್ನೆರಡು ಮುದ್ದೆ ಉಣ್ಣುವ ಆಳು ಅಂತ ನಾಲ್ಕೂರಲ್ಲೂ ನನಗೆ ಹೆಸರಿತ್ತು. ಆ ಹೆಸರು ಹಬ್ಬಿಸಿದವನು ನಾನೇ ಇರಬಹುದು, ಆದರೂ ಹೆಸರು ಹೆಸರೇ.

ಡಾಕ್ಟರಿಗೆ ಈ ಪುಸ್ತಕದ ಮೇಲೆ ಇನ್ನಿಲ್ಲದ ಹಟ. ಕಾರಣವಿತ್ತು. ಹಿಂದಿನ ವರ್ಷ ಎಲ್ಲೋ ಅಚ್ಚಾದ ಕಾಗದವೊಂದನ್ನು ಈ ಕಡೆ ಹಂಚಿದ್ದರು. ಮಕ್ಕಳಿಗೆ ದಿನಾ ಒಂದು ಸೇಬು, ಒಂದು ಕಿತ್ತಳೆ ಕೊಡಿ ಅಂತ ಅದರಲ್ಲಿತ್ತಂತೆ. ಜಗಳೂರಿನ ಮಕ್ಕಳು ಸೇಬು ಕಂಡದ್ದೇ ಆ ಕಾಗದದ ಚಿತ್ರದಲ್ಲಿ. ಸಂತೆಯಲ್ಲಿ ಶೇಂಗಾ ಪೊಟ್ಟಣ ಕಟ್ಟಲು ಕಾಗದ ಬಹಳ ಚೆನ್ನಾಗಿ ಬಂತು. ಆಮೇಲೆ ವಾಂತಿಭೇದಿ ಬಂದು, ನೀರು ಕಾಯಿಸಿ ಕುಡಿಯಿರಿ ಅಂತ ಇನ್ನೊಂದು ಕಾಗದ ಬಂದಾಗ, ಜನ ಅದರಲ್ಲೂ ಶೇಂಗಾ ಕಟ್ಟಿದರು. ಆ ಬೇನೆಯಲ್ಲಿ ಖಾಲಿಯಾದ ಮನೆಗಳನ್ನು, ಆಗೊಮ್ಮೆ ಈ ಕಡೆ ಬಂದಿದ್ದ ಡಾಕ್ಟರು ಕಣ್ಣಾರೆ ಕಂಡಿದ್ದರು.

"ಒಂದು ಸುಳ್ಳು ಅಂಕಿ ಅಚ್ಚಾದರೆ ಮುಂದಿನ ನಿಜವನ್ನೂ ಯಾರೂ ನಂಬಲ್ಲ ಕಣಯ್ಯಾ," ಅಂದರು. "ನಾನು ತೂಗಿ ನೋಡದ್ದು ಈ ಪುಸ್ತಕದಲ್ಲಿ ಒಂದು ಸಾಲೂ ಇರಬಾರದು."

ಕ್ರಮ ಸುಲಭದ್ದು. ಒಲೆಯಿಂದ ಇಳಿದ ಅಡುಗೆಯನ್ನೆಲ್ಲ ಮೊದಲು ತೂಗುವುದು. ಮನೆಯವರು ಉಂಡ ಮೇಲೆ ಉಳಿದದ್ದನ್ನು ತೂಗುವುದು. ಅದರಲ್ಲಿ ಇದನ್ನು ಕಳೆದರೆ ಹೊಟ್ಟೆಗೆ ಹೋದ ಲೆಕ್ಕ. ಡಾಕ್ಟರು ಪಡಸಾಲೆಯಲ್ಲಿ ಕೂತು ಬರೆದುಕೊಳ್ಳುವರು. ಪಾತ್ರೆ ಹೊರಗೆ ತಂದು ತೂಗಿ, ತಿರುಗಿ ಅಡುಗೆಮನೆಗೆ ಕೊಡುವುದು ನನ್ನ ಕೆಲಸ. ಇಷ್ಟು ಸುಲಭದ ಕೆಲಸವನ್ನು ಜನ ಹೆಂಗೆ ಕೆಡಿಸಿದರು ಕೇಳಿ.

ನ್ಯಾಮತಿಯ ತುಪ್ಪ

ಮೊದಲು ಹೋದದ್ದು ನ್ಯಾಮತಿಗೆ. ಮನೆಮನೆಯ ಊಟ ಬರೆದುಕೊಂಡು ಅಚ್ಚು ಹಾಕಿಸುತ್ತಾರೆ ಅನ್ನುವ ಸುದ್ದಿ ನಮಗಿಂತ ಮುಂಚೆ ಹೋಗಿತ್ತು. ನಾಳೆ ಹೆಣ್ಣು ಕೇಳಾಕೆ ಬರೋರು ಅದನ್ನು ಓದಿದರೆ ಏನು ಗತಿ ಅಂತ ಇಡೀ ಬೀದಿಗೆ ಚಿಂತೆ ಹತ್ತಿತ್ತು. ಮೊದಲ ಮನೆಯಲ್ಲಿ ಹೋಳಿಗೆ, ಎರಡನೆಯದರಲ್ಲಿ ಹೋಳಿಗೆ, ಮೂರನೆಯದರಲ್ಲಿ ಹೋಳಿಗೆಯ ಜೊತೆಗೆ ಪಾಯಸ.

ದಿನಾ ಇದೇ ಊಟವೇನಮ್ಮಾ ಅಂತ ಡಾಕ್ಟರು ಕೇಳಿದರು.

"ದಿನಾ ಇದೇ ರೀ," ಅಂದಳು ಮನೆಯಾಕೆ. "ಇವತ್ತೇ ಸ್ವಲ್ಪ ಕಮ್ಮಿ ಆಗೈತೆ."

ಹೇಳದೆ ಕೇಳದೆ ನುಗ್ಗೋಣ ಅಂತ ಡಾಕ್ಟರು ಬೀದಿಯ ಆ ತುದಿಯಿಂದ ಶುರುಮಾಡಿದರು. ನಾವು ಮುಂಬಾಗಿಲಿಂದ ಹೋಗುವಷ್ಟರಲ್ಲಿ ಸುದ್ದಿ ಹಿತ್ತಲ ಗೋಡೆ ಹಾರಿ ಹೋಗುತ್ತಿತ್ತು. ಎಲ್ಲ ಮನೆಯಲ್ಲೂ ಎಲೆಯ ಪಕ್ಕ ಒಂದು ಹಿತ್ತಾಳೆ ಗಿಂಡಿ ತುಂಬ ತುಪ್ಪ. ಗಿಂಡಿಯ ಬಾಯಿ ಒಂದು ಕಡೆ ನೆಗ್ಗಿತ್ತು. ಎರಡನೆಯ ಮನೆಯ ಗಿಂಡಿಯೂ ಅಲ್ಲೇ ನೆಗ್ಗಿತ್ತು. ಮೂರನೆಯದೂ ಅಲ್ಲೇ. ನಾನು ಹಿತ್ತಲಲ್ಲಿ ಕೂತು ಹೋಳಿಗೆ ಮುರಿಯುತ್ತಿದ್ದವನು ನೋಡಿದರೆ, ಗಿಂಡಿ ಗೋಡೆಯ ಮೇಲೆ ಕೈಯಿಂದ ಕೈಗೆ ದಾಟುತ್ತಾ ಇದೆ.

ಡಾಕ್ಟರು ತಲೆ ಮೇಲೆ ಕೈಹೊತ್ತು ಲೆಕ್ಕ ನೋಡಿದರು. ಏಳು ಮನೆಯವರು ಹೊಟ್ಟೆ ತುಂಬ ಸುರಿದುಕೊಂಡು ಉಂಡ ಮೇಲೂ ಆ ತುಪ್ಪ ಒಂದು ಗುಲಗಂಜಿ ತೂಕದಷ್ಟೂ ಇಳಿದಿರಲಿಲ್ಲ.

ಜಗಳೂರಿನ ಉಪವಾಸ

ಜಗಳೂರಿನ ಗಾಳಿ ಬಲ್ಲವರೇ ಬಲ್ಲರು. ಖಾಲಿ ತಕ್ಕಡಿ ಎತ್ತಿ ಹಿಡಿದರೆ ಬರೀ ಗಾಳಿಯೇ ಕಾಲು ಸೇರು ತೂಗುತ್ತಿತ್ತು. ನಾನು ಕಾಲೂರಿ ನಿಂತಿದ್ದಕ್ಕೆ ಸರಿ, ಬೇರೆಯವನಾಗಿದ್ದರೆ ತಕ್ಕಡಿ ಸಮೇತ ಚಿತ್ರದುರ್ಗಕ್ಕೆ ಹೋಗಿ ಬೀಳುತ್ತಿದ್ದ.

ಅಲ್ಲಿ ನ್ಯಾಮತಿಯ ತಿರುವುಮುರುವು. ಸರ್ಕಾರ ರೈತರ ಮನೆಯಿಂದ ಇಷ್ಟಿಷ್ಟು ಧಾನ್ಯ ಅಂತ ಲೆವಿ ಎತ್ತುತ್ತಿದ್ದ ಕಾಲ. ನಮ್ಮ ತಕ್ಕಡಿ ಕಂಡಿದ್ದೇ ತಡ, ಊರಿನ ಜೋಳವೆಲ್ಲ ಎಲ್ಲಿ ಅಡಗಿತೋ. ಯಾವ ಮನೆಗೆ ಹೋದರೂ ಒಂದು ಸಣ್ಣ ಕುಡಿಕೆಯಲ್ಲಿ ನೀರಿನಂಥ ಗಂಜಿ. ಬೀದಿ ತುಂಬ ಮಾತ್ರ ಕುರಿ ಸಾರಿನ ವಾಸನೆ. ಇದು ಯಾರ ಮನೇದು ಅಂದರೆ ಪಕ್ಕದ ಮನೇದು ಅನ್ನುವರು. ಪಕ್ಕದಲ್ಲಿ ಕೇಳಿದರೆ ಇವರದ್ದು ಅನ್ನುವರು. ಎರಡು ಮನೆಯವರೂ ನನ್ನನ್ನು ಹಿತ್ತಲಿಗೆ ಕರೆದು ಬಾಯಿ ಮುಚ್ಚಿಸಿದರು. ಬಾಯಿ ಮುಚ್ಚಿಸಲು ಬಟ್ಟಲುಗಟ್ಟಲೆ ಸಾರು ಬೇಕಾಯಿತು. ನಾನೂ ಮಾತಿಗೆ ತಪ್ಪುವವನಲ್ಲ, ತುಟಿ ಬಿಚ್ಚಲಿಲ್ಲ.

ಕುರಿ ಸಾಕುವ ಯಜಮಾನನೊಬ್ಬ, ಬಾಗಿಲಷ್ಟು ಅಗಲದ ಎದೆಯವನು, ತಾನು ಮುಖ ತೊಳೆದು ಊಟಕ್ಕೆ ಕೂತು ಎಂಟು ದಿನವಾಯಿತು ಅಂದ. ಡಾಕ್ಟರಿಗೆ ರೇಗಿತು. ತಾವು ಬರೆದದ್ದನ್ನೆಲ್ಲ ಅವನ ಮುಂದೆ ಹಿಡಿದರು.

"ನೀವು ಹೇಳಿದ್ದು ನಿಜವಾದರೆ ಈ ಬೀದಿಯವರೆಲ್ಲ ಹೋದ ಅಮಾವಾಸ್ಯೆಗೇ ಸತ್ತಿರಬೇಕು," ಅಂದರು.

ಯಜಮಾನ ನಿಧಾನವಾಗಿ ಎಲೆಯಡಿಕೆ ಮಡಚಿದ. "ಅದಕ್ಕೇ ಹೇಳಾದು ಸ್ವಾಮಿ. ಸತ್ತೋರ ಹತ್ರ ಲೆವಿ ಕೇಳಾಕೆ ಬರಬ್ಯಾಡ್ರಿ."

ಚನ್ನಗಿರಿಯಲ್ಲಿ ಮೊದಲು ಉಂಡವರು

ಚನ್ನಗಿರಿಯಲ್ಲಿ ಪಾತ್ರೆಗೆ ಕಲಾಯಿ ಹಾಕುವ ಸಾಬರೊಬ್ಬರ ಮನೆಗೆ ಹೋದೆವು. ಸಾಬರು ಒಪ್ಪಿದರು, ಅವರ ತಾಯಿ ಒಪ್ಪಲಿಲ್ಲ. ಹಲ್ಲಿಲ್ಲದ ಮುದುಕಿ, ಆದರೆ ಮನೆ ನಡೆಯುತ್ತಿದ್ದದ್ದು ಅವಳ ಕಣ್ಣ ಸನ್ನೆಯಲ್ಲಿ.

"ಉಣ್ಣೋ ಮಕ್ಕಳ ಊಟ ತೂಗಿದರೆ ಕಣ್ಣು ಬೀಳ್ತೈತೆ ಬೇಟಾ," ಅಂದಳು. "ಮೊದಲು ನಿನ್ನ ಊಟ ತೂಗು. ನಿನಗೇನೂ ಆಗ್ಲಿಲ್ಲ ಅಂದ್ರೆ ಆಮೇಲೆ ನಮ್ಮದು."

ಡಾಕ್ಟರು ಹಿಂದುಮುಂದು ನೋಡದೆ ಚಾಪೆಯ ಮೇಲೆ ಕೂತರು. ಓಣಿಗೆ ಓಣಿಯೇ ಬಾಗಿಲಲ್ಲಿ ಸೇರಿತು. ನಾನು ಮುದ್ದೆ ತೂಗಿ ಇಟ್ಟೆ. ಡಾಕ್ಟರು ಅಗಿದು ಅಗಿದು, ನೀರು ಕುಡಿದು, ಬೆವರು ಒರೆಸಿಕೊಂಡು, ಅರ್ಧ ಮುದ್ದೆಗೆ ಕೈ ತೊಳೆದರು. ಆಮೇಲೆ ಮನೆಯ ಆರು ವರ್ಷದ ಹುಡುಗಿ ಕೂತು ಒಂದೂಕಾಲು ಉಂಡು ಇನ್ನಷ್ಟು ಸಾರು ಕೇಳಿದಳು. ತಕ್ಕಡಿ ಎಲ್ಲರ ಎದುರಿಗೇ ಇತ್ತು, ಮುಚ್ಚಿಡುವ ಹಾಗಿರಲಿಲ್ಲ.

ಮುದುಕಿ ಡಾಕ್ಟರ ತೋಳು ಹಿಡಿದು ಚಿವುಟಿ ನೋಡಿದಳು. "ಇಷ್ಟು ಉಣ್ಣೋನು ಊರಿಗೆಲ್ಲ ಉಣ್ಣಾಕೆ ಕಲಿಸಾಕೆ ಬಂದಾನ? ಪುಸ್ತಕ ಆಮೇಲೆ ಬರೀ ಬೇಟಾ. ನಾಕು ದಿನ ಇಲ್ಲೇ ಇರು, ಮೊದಲು ನಿನ್ನ ರಿಪೇರಿ ಮಾಡ್ತೀನಿ."

ನಾಲ್ಕು ದಿನ ಇದ್ದೆವು. ಓಣಿಯ ಮನೆಗಳೆಲ್ಲ ಬಾಗಿಲು ತೆರೆದವು. ಡಾಕ್ಟರಿಗೆ ಉಪಾಯ ಹೊಳೆಯಿತು. ತಿರುಗಿ ನ್ಯಾಮತಿಗೆ, ಜಗಳೂರಿಗೆ ಹೋಗಿ, ಎಲ್ಲ ಕಡೆ ಮೊದಲು ತಾವೇ ಕೂತು ಉಂಡು ತೂಗಿಸಿಕೊಂಡರು. ಆ ಅರ್ಧ ಮುದ್ದೆ ನೋಡಿದ ಮೇಲೆ ಅವರಿಗೆ ಹೆದರುವವರೂ ಇಲ್ಲ, ಅವರ ಮುಂದೆ ಜಂಬ ಮಾಡುವವರೂ ಇಲ್ಲ. ನ್ಯಾಮತಿಯವರು ಹೋಳಿಗೆ ಬಿಟ್ಟು ರೊಟ್ಟಿ ತಂದರು, ಜಗಳೂರಿನವರು ಸಾರಿನ ಮಡಕೆ ಹೊರಗೆ ತೆಗೆದರು. ಆ ಯಜಮಾನನಂತೂ ಡಾಕ್ಟರನ್ನು ನೋಡಿ, ಇವರ ಹತ್ರವೇ ಲೆವಿ ಎತ್ತಿದಂಗೈತೆ ಅಂತ ಮರುಗಿದ.

ಹೊನ್ನಾಳಿಯ ಲೆಕ್ಕ

ಕೊನೆಗೆ ಹೊನ್ನಾಳಿಯ ಮನೆಗಳನ್ನೂ ಮುಗಿಸಿ ಡಾಕ್ಟರು ಕೂಡಿಸಲು ಕೂತರು. ಪ್ರೆಸ್ಸಿನವನು ಕಾಗದ ತರಿಸಿಟ್ಟುಕೊಂಡು ದಿನಾ ಬಂದು ಕೇಳುತ್ತಿದ್ದ. ಕೂಡಿಸಿದರೆ ಲೆಕ್ಕ ಎಲ್ಲೋ ಎಡವುತ್ತಿತ್ತು. ಐದು ಜನರ ಮನೆಯಲ್ಲಿ ಏಳು ಜನರ ಊಟ. ಮೂರು ಜನರ ಮನೆಯಲ್ಲಿ ಐದು ಜನರದ್ದು. ಜನ ನೋಡಿದರೆ ಕಡ್ಡಿಗಳು, ಅಂಕಿ ನೋಡಿದರೆ ಪೈಲ್ವಾನರು.

ಇದನ್ನು ಅಚ್ಚು ಹಾಕಿದರೆ ಮತ್ತೆ ಶೇಂಗಾ ಪೊಟ್ಟಣವೇ ಅಂತ ಡಾಕ್ಟರು ಪೇಚಾಡಿದರು. ಕಲ್ಲುಗಳನ್ನು ಅಕ್ಕಸಾಲಿಯ ಹತ್ತಿರ ಪರೀಕ್ಷೆ ಮಾಡಿಸಿದರು. ಸರಿಯಾಗಿದ್ದವು. ಕೂಡುವುದು ಕಳೆಯುವುದನ್ನು ಮೇಷ್ಟರಿಗೆ ತೋರಿಸಿದರು. ಅದೂ ಸರಿ. ನಾನೂ ಮರುಗಿ, ಜನ ಇನ್ನೂ ಸುಳ್ಳು ಹೇಳ್ತಾವರೆ ಸ್ವಾಮಿ, ನಂಬಬೇಡಿ ಅಂತ ಧೈರ್ಯ ಹೇಳಿದೆ.

ಅಷ್ಟರಲ್ಲಿ ನನಗೆ ಮೂರು ದಿನ ಜ್ವರ. ಬೇರೆ ಜವಾನನಾಗಿದ್ದರೆ ಸುಟ್ಟು ಬೂದಿಯಾಗುವ ಜ್ವರ. ಬೇರೆ ಯಾರನ್ನೋ ಕರೆದುಕೊಂಡು ಡಾಕ್ಟರು ಮೂರು ಮನೆ ಮತ್ತೆ ತೂಗಿ ಬಂದರು. ಬಂದವರು ನೆಟ್ಟಗೆ ನನ್ನ ಚಾಪೆಯ ಹತ್ತಿರ ನಿಂತರು. ಮೂರು ಮನೆಯ ಲೆಕ್ಕವೂ ಸರಿಯಾಗಿ ಬಂದಿತ್ತಂತೆ.

"ಏನಯ್ಯಾ, ಪಾತ್ರೆ ಒಳಗೆ ಕೊಟ್ಟ ಮೇಲೆ ನೀನು ಎಲ್ಲಿರ್ತೀಯ?"

"ಹಿತ್ತಲಲ್ಲಿ ಸ್ವಾಮಿ."

"ಏನು ಮಾಡ್ತೀಯ?"

"ಉಣ್ತೀನಿ. ಬಂದೋರನ್ನ ಹಂಗೇ ಕಳಿಸ್ತಾರಾ? ನನ್ನ ಪಾಲೂ ಸೇರಿಸಿ ಬೇಯಿಸಿರ್ತಾರೆ."

"ತೂಗಿದ ಪಾತ್ರೆಯಲ್ಲೇ?"

"ಮತ್ತೆ? ತೂಗದ್ದು ಉಂಡರೆ ತಪ್ಪಾಗಲ್ವಾ ಸ್ವಾಮಿ?"

ಡಾಕ್ಟರು ಗೋಡೆಗೆ ಒರಗಿ ಕೂತುಬಿಟ್ಟರು. ಹೋಗಲಿ, ಒಂದು ಮನೆಯಲ್ಲಿ ಎಷ್ಟು ಉಣ್ಣುತ್ತಿದ್ದೆ ಹೇಳು, ಅಷ್ಟನ್ನು ಕಳೆಯುತ್ತೇನೆ ಅಂದರು. ನಾನು ಹನ್ನೆರಡು ಅಂದೆ. ಅವರು ಪೆನ್ಸಿಲ್ ಆಡಿಸಿ ನನ್ನ ಮುಖ ನೋಡಿದರು.

"ಹನ್ನೆರಡು ಕಳೆದರೆ ಕಲಾಯಿ ಸಾಬರ ಮನೆಯವರು ಏನೂ ಉಂಡಿಲ್ಲ ಕಣಯ್ಯಾ. ಅವರೇ ಒಂದು ಮುದ್ದೆ ವಾಪಸ್ ಕೊಟ್ಟಿದ್ದಾರೆ."

ಹತ್ತು ಅಂತ ಬರೆದುಕೊಳ್ಳಿ ಅಂದೆ. ಅವರು ಆಗಲ್ಲ ಅಂತ ತಲೆ ಆಡಿಸಿದರು. ಎಂಟು ಅಂದೆ. ಅದಕ್ಕಿಂತ ಕೆಳಗೆ ನಾನು ಇಳಿಯಲಾರೆ, ನಾಲ್ಕೂರಲ್ಲಿ ನನ್ನ ಹೆಸರಿದೆ ಅಂದೆ. ಡಾಕ್ಟರು ರೇಗಲಿಲ್ಲ. ವಾಂತಿಭೇದಿಯ ವರ್ಷ ತಾವು ಹೋಗಿದ್ದ ಮನೆಗಳನ್ನು ಒಂದೊಂದಾಗಿ ಹೇಳಿದರು. ನೀರು ಕಾಯಿಸಿ ಅಂದ ಕಾಗದ ಶೇಂಗಾ ಸಿಪ್ಪೆಯ ಜೊತೆ ಆ ಮನೆಗಳ ಅಂಗಳದಲ್ಲೇ ಬಿದ್ದಿತ್ತಂತೆ. ನಾನು ಗೋಡೆ ಕಡೆ ಹೊರಳಿದೆ. ಕೊನೆಗೆ, ತೂಗಿ ನೋಡಿಬಿಡಿ ಅಂದೆ.

ಜ್ವರ ಬಿಟ್ಟು ಎಂಟು ದಿನ ಕಾದು, ತಮ್ಮ ಮನೆಯಲ್ಲೇ ನನ್ನನ್ನು ಕೂರಿಸಿ, ಮುದ್ದೆ ಮುದ್ದೆಗೂ ತೂಗಿದರು. ಅದು ಸಾಲದು ಅಂತ ಚನ್ನಗಿರಿಯ ಮುದುಕಿಗೆ ಕಾಗದ ಬರೆದು ಕೇಳಿದರು. ಅವಳು ನಾನು ಉಂಡದ್ದನ್ನೆಲ್ಲ ಬೆರಳಲ್ಲಿ ಎಣಿಸಿಟ್ಟಿದ್ದಳು. ಎರಡೂ ಒಂದೇ ಬಂತು. ಡಾಕ್ಟರು ಪುಸ್ತಕ ಅಚ್ಚಿಗೆ ಕೊಟ್ಟರು.

ಆ ಪುಸ್ತಕದಲ್ಲಿ ಸೇಬಿರಲಿಲ್ಲ. ಜೋಳ, ರಾಗಿ, ನವಣೆ, ಹುರುಳಿ, ನುಗ್ಗೆಸೊಪ್ಪು, ನಮ್ಮದೇ ಊಟ, ನಮ್ಮದೇ ತೂಕ. ಜಗಳೂರಿನ ಆ ಯಜಮಾನ ಓದಿಸಿ ಕೇಳಿ, ಇದು ನಮ್ಮ ಮನೆ ಲೆಕ್ಕ ಅಂತ ಸಂತೆಯಲ್ಲಿ ಸಾರಿದ. ಮುಂದೆ ನೀರು ಕಾಯಿಸಿ ಅಂತ ಕಾಗದ ಬಂದಾಗ ಅವನೇ ಅದನ್ನು ತನ್ನ ಬಾಗಿಲಿಗೆ ಅಂಟಿಸಿದ. ಯಾರೂ ಅದರಲ್ಲಿ ಶೇಂಗಾ ಕಟ್ಟಲಿಲ್ಲ.

ನಾಲ್ಕೂರಿನ ಜನರಲ್ಲಿ ಒಬ್ಬರ ಸುದ್ದಿಯೂ ಆ ಪುಸ್ತಕದಲ್ಲಿ ಬೇರೆಯಾಗಿ ಬಂದಿಲ್ಲ. ನನ್ನದು ಬಂದಿದೆ. ಪುಟ ಪುಟದ ಕೆಳಗೂ ಸಣ್ಣ ಅಕ್ಷರದಲ್ಲಿ, ಜವಾನ ತಿಂದದ್ದನ್ನು ಕಳೆದಿದೆ ಅಂತ. ಮನೆಗೆ ಬಂದವರಿಗೆಲ್ಲ ನಾನು ಅದನ್ನು ತೆಗೆದು ತೋರಿಸುತ್ತೇನೆ. ಈಗ ಮೊಮ್ಮಗಳು ಬರೆಯುವುದು ನಿಲ್ಲಿಸಿ ಪುಸ್ತಕ ತಂದು, ಅದರ ಮುಂದಿನ ಮಾತೂ ಓದಿದಳು: ಮನೆಗೆ ಮೂರೂವರೆ ಮುದ್ದೆಯಂತೆ.

ಆ ಪುಸ್ತಕದ ಅಕ್ಷರ ಅಕ್ಷರವೂ ನಿಜ, ಅದಕ್ಕೆ ನಾನೇ ಸಾಕ್ಷಿ. ಆ ಒಂದು ಅಂಕಿ ಬಿಟ್ಟು.